ಹೆಸರಿಲ್ಲದ ಮಳೆಗೂ ಗಂಟೆ ಬಾರಿಸಲಿ

ಕೆರಿಬಿಯನ್‌ನ ಸೇಂಟ್ ವಿನ್ಸೆಂಟ್ ದ್ವೀಪದ ಲಾ ಸೂಫ್ರಿಯೇರ್ ಜ್ವಾಲಾಮುಖಿ 2021ರ ಏಪ್ರಿಲ್ 9ರ ಬೆಳಿಗ್ಗೆ ಸಿಡಿಯಿತು. ಬೆಟ್ಟದ ಬುಡದ ಜನರಿಗೆ ಊರು ಬಿಡುವಂತೆ ಆಗಿನ ಪ್ರಧಾನಿ ರಾಲ್ಫ್ ಗೊನ್ಸಾಲ್ವೆಸ್ ಹಿಂದಿನ ದಿನವೇ ಆದೇಶಿಸಿದ್ದರು. ವೆಸ್ಟ್ ಇಂಡೀಸ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ತಿಂಗಳುಗಟ್ಟಲೆ ಬೆಟ್ಟದ ಮೇಲೆ ಕಣ್ಣಿಟ್ಟು ಕೂತಿದ್ದರ ಫಲವದು. ಸ್ಫೋಟಕ್ಕೆ ನೇರವಾಗಿ ಒಬ್ಬರೂ ಬಲಿಯಾಗಲಿಲ್ಲ. 1902ರಲ್ಲಿ ಇದೇ ಬೆಟ್ಟ ಸುಮಾರು 1,600 ಜನರನ್ನು ಕೊಂದಿತ್ತು.

ಶಹಬ್ಬಾಸ್ ಅನ್ನೋಣ. ಆದರೆ ಈ ದೇಶವನ್ನು ಪದೇ ಪದೇ ಕಾಡುವುದು ನೀರು.

ಅಲ್ಲಿನ ನೆಲವೇ ಹಾಗಿದೆ. ಅಗಲ ಇಪ್ಪತ್ತು ಕಿಲೋಮೀಟರ್ ಕೂಡ ಇಲ್ಲ, ಬೆಟ್ಟದ ಎತ್ತರ ಮಾತ್ರ 1,200 ಮೀಟರ್ ದಾಟುತ್ತದೆ. ಪೂರ್ವದ ಕಡೆಯಿಂದ ಬೀಸುವ ವಾಣಿಜ್ಯ ಮಾರುತ ಕಡಲಿನ ತೇವವನ್ನೆಲ್ಲ ಬೆಟ್ಟದ ನೆತ್ತಿಗೆ ಏರಿಸಿ ಸುರಿಸುತ್ತದೆ. ಹೊಳೆಗಳ ಉದ್ದ ಕಡಿಮೆ, ಇಳಿಜಾರು ಕಡಿದು. ಮೇಲೆ ಬಿದ್ದದ್ದು ಕೆಳಗಿನ ಊರಿಗೆ ಬರಲು ಹೆಚ್ಚು ಹೊತ್ತು ಬೇಡ. ಪೂರ್ವ ತೀರದ ರಬಾಕಾ ಹೊಳೆಗೆ ಜನ ಇಟ್ಟ ಹೆಸರೇ 'ಒಣ ಹೊಳೆ'. ಬಿಸಿಲಿದ್ದಾಗ ಅದು ಕಪ್ಪು ಮರಳಿನ ಬಯಲು. ಜೋರು ಮಳೆ ಬಂತೆಂದರೆ ಬೂದಿ, ಬಂಡೆಗಳನ್ನು ಹೊತ್ತ ಕೆಸರಿನ ಪ್ರವಾಹ. 2021ರ ಸ್ಫೋಟ ಇಳಿಜಾರಿನ ತುಂಬ ಹೊಸ ಬೂದಿ ಪೇರಿಸಿ, ಅಪಾಯವನ್ನು ಇನ್ನಷ್ಟು ಬೆಳೆಸಿತು.

ಚಂಡಮಾರುತಕ್ಕೆ ಹೆಸರಿರುತ್ತದೆ, ದಾರಿಯ ನಕ್ಷೆ ಇರುತ್ತದೆ, ಜೂನ್‌ನಿಂದ ನವೆಂಬರ್ ಎಂಬ ಋತುವಿರುತ್ತದೆ. 2013ರ ಡಿಸೆಂಬರ್ 24ರಂದು, ಕ್ರಿಸ್‌ಮಸ್ ಹಿಂದಿನ ರಾತ್ರಿ, ಸೇತುವೆಗಳನ್ನೂ ಮನೆಗಳನ್ನೂ ಜೀವಗಳನ್ನೂ ಕೊಚ್ಚಿ ಒಯ್ದ ಮಳೆಗೆ ಇದಾವುದೂ ಇರಲಿಲ್ಲ. ಅದು ಕಡಿಮೆ ಒತ್ತಡದ ಒಂದು ಪಟ್ಟಿ, ಅಷ್ಟೇ.

ಹೆಸರಿದ್ದ ಬೆರಿಲ್ ಚಂಡಮಾರುತದ ಕಥೆ ಬೇರೆ. 2024ರ ಜುಲೈ 1ರಂದು ಅದು ಇದೇ ದೇಶದ ದಕ್ಷಿಣದ ಯೂನಿಯನ್ ದ್ವೀಪಕ್ಕೆ ಅಪ್ಪಳಿಸುವ ಮುನ್ನ ಎಚ್ಚರಿಕೆ ತಲುಪಿತ್ತು. ಆದರೂ ಸುಮಾರು ಶೇ 90ರಷ್ಟು ಮನೆಗಳು ಜಖಂಗೊಂಡವು. ಅಲ್ಲಿ ಹೊಳೆಗಳಿಲ್ಲ, ಚಾವಣಿಗೆ ಬಿದ್ದ ಮಳೆ ಕೊಳವೆಯಲ್ಲಿಳಿದು ತೊಟ್ಟಿ ಸೇರಬೇಕು, ಅದೇ ಕುಡಿಯುವ ನೀರು. ತಗಡು ಹಾರಿತೆಂದರೆ ನೆರಳಿನ ಜತೆ ನೀರೂ ಹೋಯಿತು. ಗಾಳಿಯ ವೇಗವನ್ನಷ್ಟೇ ಓದಿ ಹೇಳುವ ಬುಲೆಟಿನ್ ಈ ಮನೆಯವರಿಗೆ ಅರ್ಧ ಎಚ್ಚರಿಕೆ ಮಾತ್ರ. ತೊಟ್ಟಿ ಮುಚ್ಚಿ, ಕೊಳವೆ ಕಳಚಿಡಿ ಎಂದೂ ಅದು ಹೇಳಬೇಕು. ಟಾರ್ಪಾಲು ಹಡಗಿಗೆ ಕಾಯದೆ, ದ್ವೀಪದಲ್ಲೇ ದಾಸ್ತಾನಿರಬೇಕು.

ದೊಡ್ಡ ದ್ವೀಪವಾದ ಸೇಂಟ್ ವಿನ್ಸೆಂಟ್‌ನಲ್ಲಿ ಮೊದಲು ಬೇಕಿರುವುದು ಮೇಲಿನ ಇಳಿಜಾರುಗಳಲ್ಲಿ, ಅಳತೆಯನ್ನು ತಾನಾಗಿಯೇ ರವಾನಿಸುವ ಮಳೆಮಾಪಕಗಳ ಜಾಲ. ಒಂದು ಗಂಟೆಯಲ್ಲಿ ಎಷ್ಟು ಸುರಿದರೆ ಯಾವ ಊರು ಏಳಬೇಕೆಂದು ಮೊದಲೇ ಬರೆದಿಡಬೇಕು. ನಡುರಾತ್ರಿ ಸೈರನ್ ಒತ್ತುವ ಅಧಿಕಾರ ರಾಜಧಾನಿ ಕಿಂಗ್ಸ್‌ಟೌನ್‌ನ ಸಹಿಗೆ ಕಾಯದೆ ಆಯಾ ಕಣಿವೆಯಲ್ಲೇ ಒಬ್ಬರ ಕೈಯಲ್ಲಿರಲಿ. ಮಳೆ ಕಾಯುವ ಆ ಪಾಳಿ ಡಿಸೆಂಬರ್‌ನಲ್ಲೂ ನಡೆಯಲಿ.