ಕಾಲ ಕೆಟ್ಟಿತೋ, ಸಂಗ ಕೆಟ್ಟಿತೋ?

"ಈಗಿನ ಹುಡುಗರಿಗೆ ಭಯವಿಲ್ಲ, ಶ್ರದ್ಧೆಯಿಲ್ಲ" ಎಂಬ ಮಾತು ಅರಳೀಕಟ್ಟೆಯಲ್ಲಿ, ಶಾಲೆಯ ಜಗಲಿಯಲ್ಲಿ ನಿತ್ಯವೂ ನಮ್ಮ ಕಿವಿಗೆ ಬೀಳುತ್ತಿದೆ. ಹುಡುಗರೂ ಸುಮ್ಮನಿಲ್ಲ, ಹಿರಿಯರೆಂದರೆ ಗೊಡ್ಡು ಸಂಪ್ರದಾಯದವರೆಂದು ಅವರು ಆಗಲೇ ತೀರ್ಪು ಕೊಟ್ಟುಬಿಟ್ಟಿದ್ದಾರೆ. ಈಚೆಗಂತೂ ಹುಟ್ಟಿದ ಇಸವಿಯನ್ನು ನೋಡಿ, ಪೀಳಿಗೆಗೊಂದು ಇಂಗ್ಲಿಷ್ ಹೆಸರಿಟ್ಟು, ಗುಣದೋಷಗಳನ್ನು ಸಾರುವ ಪದ್ಧತಿ ಬಂದಿದೆ. ಜಾತಕ ನೋಡುವವರಾದರೂ ತಿಥಿ, ನಕ್ಷತ್ರ, ಘಳಿಗೆಗಳನ್ನು ಕೇಳುತ್ತಾರೆ. ಇವರಿಗೆ ಇಸವಿಯೊಂದೇ ಸಾಕು!

ಇದು ಸರಿ, ಇದು ತಪ್ಪು ಎಂಬ ಭಾವನೆಯು ಮನುಷ್ಯನಿಗೆ ಹುಟ್ಟಿದ ವರ್ಷದಿಂದ ಬರುವುದೋ, ಸುತ್ತಲಿನ ಜನರಿಂದ ಬರುವುದೋ? ಅಮೇರಿಕೆಯ ವರ್ಮಾಂಟ್ ಸಂಸ್ಥಾನದಲ್ಲಿ 1932ರಲ್ಲಿ ತೆರೆದ ಬೆನಿಂಗ್ಟನ್ ಕಾಲೇಜಿನ ವೃತ್ತಾಂತವನ್ನು ವಾಚಕರು ಗಮನಿಸಬೇಕು. ಆಗ ಅದು ಹೆಣ್ಣುಮಕ್ಕಳ ಕಾಲೇಜು. ವಿದ್ಯಾರ್ಥಿನಿಯರಲ್ಲಿ ಬಹುಮಂದಿ ಶ್ರೀಮಂತರ, ಹಳೆಯ ಅಭಿಪ್ರಾಯದವರ ಮನೆಗಳಿಂದ ಬಂದವರು. ಅಧ್ಯಾಪಕರಲ್ಲಿ ಹೆಚ್ಚಿನವರಾದರೋ ಸುಧಾರಣಾವಾದಿಗಳು. ಆ ಅಧ್ಯಾಪಕರಲ್ಲೊಬ್ಬರಾದ ಥಿಯೊಡೋರ್ ನ್ಯೂಕಾಂಬರು, 1936ರ ರಾಷ್ಟ್ರಾಧ್ಯಕ್ಷರ ಚುನಾವಣೆಯಲ್ಲಿ ಯಾರ ಒಲವು ಯಾರ ಕಡೆಗೆಂದು ವಿಚಾರಿಸಿದರು. ಹೊಸದಾಗಿ ಸೇರಿದವರಲ್ಲಿ ನೂರಕ್ಕೆ 62 ಮಂದಿ, ತಂದೆತಾಯಿಗಳಂತೆ, ರಿಪಬ್ಲಿಕನ್ ಪಕ್ಷದ ಲ್ಯಾಂಡನ್ನರ ಕಡೆ. ಮೇಲಿನ ಎರಡು ತರಗತಿಗಳಲ್ಲಿ ನೂರಕ್ಕೆ 15 ಮಂದಿ ಮಾತ್ರ. ವಯಸ್ಸಿನ ಅಂತರವು ಎರಡು ಮೂರು ವರ್ಷ! ಇವರನ್ನು ಎರಡು ಪೀಳಿಗೆಯವರೆನ್ನೋಣವೇ?

ಇದೆಲ್ಲವೂ ಬೋಧನೆಯ ಫಲವೆಂದು ಉಪಾಧ್ಯಾಯರು ಹಿಗ್ಗಬೇಕಾಗಿಲ್ಲ. ಅಲ್ಲಿ ಒಡನಾಡಿಗಳ ಗೌರವಕ್ಕೆ ಪಾತ್ರರಾಗಿದ್ದವರು ಹೊಸ ಅಭಿಪ್ರಾಯದವರು. ಅವರಂತಾಗಬೇಕೆಂದು ಬಯಸಿದವರು ಬದಲಾದರು, ಮನೆಯ ಕಡೆಗೇ ಮನಸ್ಸಿಟ್ಟವರು ಬಹುಮಟ್ಟಿಗೆ ಮೊದಲಿನಂತೆಯೇ ಉಳಿದರು. 1960ರ ಸುಮಾರಿಗೆ ಅದೇ ಸ್ತ್ರೀಯರನ್ನು ಮತ್ತೆ ವಿಚಾರಿಸಲಾಗಿ, ಹೆಚ್ಚಿನವರಲ್ಲಿ ಕಾಲೇಜಿನ ದಿನಗಳ ಅಭಿಪ್ರಾಯಗಳು ಅಳಿದಿರಲಿಲ್ಲ. ಹಾಗೆ ಉಳಿಸಿಕೊಂಡವರ ಗಂಡಂದಿರೂ ಸ್ನೇಹಿತರೂ ಸಾಮಾನ್ಯವಾಗಿ ಅದೇ ಮನೋಭಾವದವರಾಗಿದ್ದರು.

ಇರಲಿ, ನಮ್ಮ ಊರುಗಳ ಕಡೆಗೆ ತಿರುಗೋಣ. ತರಗತಿಯಲ್ಲಿ ನಾವು ಪ್ರಾಮಾಣಿಕತೆಯ ಪಾಠ ಹೇಳುತ್ತೇವೆ. ಸಂಜೆ ಶಾಲೆಯ ವಾರ್ಷಿಕೋತ್ಸವದಲ್ಲಿ, ಲಂಚದಿಂದ ಮಹಡಿಮನೆ ಕಟ್ಟಿಸಿದನೆಂದು ಊರೆಲ್ಲ ಬಲ್ಲ ಗೃಹಸ್ಥನನ್ನೇ ಅಧ್ಯಕ್ಷಪೀಠದಲ್ಲಿ ಕುಳ್ಳಿರಿಸಿ ಹಾರ ಹಾಕುತ್ತೇವೆ. ಮೂವತ್ತು ವರ್ಷ ಪಾಠ ಹೇಳಿ ನಿವೃತ್ತರಾದ ಮಾಸ್ತರರು ಹಿಂದಿನ ಬೆಂಚಿನ ಮೇಲೆ ಕುಳಿತಿರುತ್ತಾರೆ. ಹಾರದ ತಟ್ಟೆ ಹಿಡಿದು ನಿಂತ ಹುಡುಗನು ಇವೆರಡನ್ನೂ ನೋಡುತ್ತಿರುತ್ತಾನೆ. ಮರುದಿನ ಜಗಲಿಯಲ್ಲಿ ಅವನ ಪೀಳಿಗೆಯನ್ನು ದೂರುವವರು, ಆ ಸಭೆಯನ್ನು ನೆರೆಯಿಸಿದ ನಾವೇ.