ಮೊದಲು ಹತ್ತುವ ಭಾಗ್ಯ

ವೈಟ್‌ಫೀಲ್ಡಿನ ವಾಚಕರೊಬ್ಬರು ಪತ್ರ ಬರೆದಿದ್ದಾರೆ. ಮುಂಬಯಿಯಿಂದ ಲಕ್ಷದ್ವೀಪದ ಕಡೆಗೆ ಹೋಗುವ ವಿಹಾರನೌಕೆಯಲ್ಲಿ ಅತ್ತೆಮಾವಂದಿರನ್ನೂ ಮಕ್ಕಳನ್ನೂ ಕರೆದುಕೊಂಡು ನಾಲ್ಕು ದಿನ ತಿರುಗಿ ಬರುವ ಯೋಚನೆ ಅವರದು. ಟಿಕೆಟ್ಟಿನ ಹಣ ಕಟ್ಟುವ ಹೊತ್ತಿಗೆ, ಇನ್ನಷ್ಟು ಕೊಟ್ಟರೆ ಎಲ್ಲರಿಗಿಂತ ಮೊದಲು ಹಡಗನ್ನು ಹತ್ತಬಹುದು ಎಂಬ ಸಾಲೊಂದು ಕಣ್ಣಿಗೆ ಬಿದ್ದಿತಂತೆ. "ಕೊಡಬೇಕೋ ಬೇಡವೋ ತಿಳಿಯದಾಗಿದೆ. ಮನೆಯಲ್ಲಿ ಆಗಲೇ ಎರಡು ಪಕ್ಷಗಳಾಗಿವೆ, ತಾವು ತೀರ್ಪು ಕೊಡಬೇಕು" ಎಂದು ಕೇಳಿದ್ದಾರೆ.

ಹಡಗನ್ನು ಹತ್ತಿದವನಲ್ಲ ನಾನು. ಆದರೆ ಮೊದಲು ಹತ್ತುವುದಕ್ಕೆಂದು ಹೆಚ್ಚಿನ ಹಣ ತೆತ್ತವನು ಹೌದು. ಒಂದೇ ಒಂದು ಸಲ, ವಿಮಾನಕ್ಕೆ. ಆ ಸಂಗತಿಯನ್ನು ಹೇಳುತ್ತೇನೆ. ತೀರ್ಪನ್ನು ಮನೆಯ ಯಜಮಾನಿತಿಯವರು ಕೊಡಲಿ.

ಮೊದಲು ಹತ್ತುವ ವಿದ್ಯೆ ನಮ್ಮ ನಾಡಿಗೆ ಹೊಸದಲ್ಲ. ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ಲನ್ನು ಒಳಕ್ಕೆಸೆದು ಸೀಟು ಹಿಡಿದವರು ಎಷ್ಟು ಮಂದಿ! ಟವೆಲ್ಲಿಲ್ಲದವರು ಕರವಸ್ತ್ರ, ಕರವಸ್ತ್ರವಿಲ್ಲದವರು ಅಂದಿನ ವೃತ್ತಪತ್ರಿಕೆ. ಕಂಕುಳಿನ ಕೂಸನ್ನೇ ಕಿಟಕಿಯಿಂದ ಇಳಿಬಿಟ್ಟ ಒಬ್ಬ ಮಹಾತಾಯಿಯನ್ನೂ ನಾನು ಕಂಡಿದ್ದೇನೆ. ನಗುವ ಮಾತಲ್ಲ. ಐವತ್ತು ಸೀಟಿಗೆ ನೂರು ಜನ ನುಗ್ಗುವಾಗ ಮೊದಲು ಹತ್ತಿದವನು ಕುಳಿತ, ಆಮೇಲೆ ಹತ್ತಿದವನು ತುಮಕೂರಿನವರೆಗೂ ನಿಂತ. ಅಲ್ಲಿ ಮೊದಲಿಗೆ ಒಂದು ಬೆಲೆಯಿತ್ತು.

ವಿಮಾನದಲ್ಲೂ ಸ್ವಲ್ಪ ಕಾಲ ಹೀಗೆಯೇ ನಡೆಯಿತು. ಗೊರೂರಿನ ಕ್ಯಾಪ್ಟನ್ ಗೋಪಿನಾಥರು 2003ರಲ್ಲಿ ಆರಂಭಿಸಿದ ಏರ್ ಡೆಕ್ಕನ್ ವಿಮಾನಗಳಲ್ಲಿ ಸೀಟಿಗೆ ಸಂಖ್ಯೆಯೇ ಇರಲಿಲ್ಲ; ಬಂದವರು ಬಂದ ಕಡೆ ಕೂಡಬೇಕು. ಆಗ ನಮ್ಮ ವಿಮಾನ ನಿಲ್ದಾಣವಿದ್ದುದು ಎಚ್.ಎ.ಎಲ್.ನ ಬಳಿ. ಅಲ್ಲಿ ಬಾಗಿಲು ತೆರೆದೊಡನೆ, ಪಂಚೆ ಮೇಲಕ್ಕೆ ಕಟ್ಟಿದವರೂ ಟೈ ಕಟ್ಟಿದವರೂ ಒಂದೇ ಉತ್ಸಾಹದಿಂದ ದಾಪುಗಾಲು ಹಾಕುತ್ತಿದ್ದ ನೋಟ ನನಗಿನ್ನೂ ಕಣ್ಣಿಗೆ ಕಟ್ಟಿದಂತಿದೆ. 2008ರ ಮೇ ತಿಂಗಳಲ್ಲಿ ನಿಲ್ದಾಣ ದೇವನಹಳ್ಳಿಗೆ ಹೋಯಿತು. ಈಗ ಪ್ರತಿಯೊಬ್ಬರ ಚೀಟಿಯಲ್ಲೂ ಸಂಖ್ಯೆ ಅಚ್ಚಾಗಿರುತ್ತದೆ. ಮೊದಲು ಹತ್ತಿದವನ ಸೀಟೂ ಕೊನೆಗೆ ಹತ್ತಿದವನ ಸೀಟೂ ಕಾದೇ ಇರುತ್ತವೆ; ಇಬ್ಬರೂ ಏಳುವುದು ಒಂದೇ ಗಳಿಗೆಯಲ್ಲಿ, ಇಳಿಯುವುದು ಒಂದೇ ನೆಲದ ಮೇಲೆ. ಹೀಗಿರಲು ಮೊದಲು ಹತ್ತುವುದಕ್ಕೆ ಹಣ ಕೊಡುವವನಿಗಿಂತ ಮರುಳರುಂಟೇ ಎಂದು ನಾನು ಬಹುಕಾಲ ವಾದಿಸುತ್ತಿದ್ದೆ. ವಾದದಲ್ಲಿ ಸೋತೂ ಇರಲಿಲ್ಲ.

ಹೋದ ವರ್ಷ ಮಾಘಮಾಸದಲ್ಲಿ ಅಕ್ಕನನ್ನು ಕಾಶಿಗೆ ಕರೆದೊಯ್ಯಬೇಕಾಗಿ ಬಂದಿತು. ಅಕ್ಕನಿಗೆ ಎಪ್ಪತ್ತೆಂಟು ವರ್ಷ. ಭಾವನವರು ಪೀಣ್ಯದ ಒಂದು ಕಾರ್ಖಾನೆಯಲ್ಲಿ ಮೂವತ್ತು ವರ್ಷಕಾಲ ಲೇತ್ ಯಂತ್ರದ ಮುಂದೆ ನಿಂತು ದುಡಿದವರು. ನಿವೃತ್ತರಾದ ಮೇಲೆ ಹೆಂಡತಿಗೆ ಕಾಶಿಯನ್ನು ತೋರಿಸುವುದಾಗಿ ಮಾತು ಕೊಟ್ಟಿದ್ದರು. ನಿವೃತ್ತಿಯೂ ಆಯಿತು, ಮಗಳ ಮದುವೆಯೂ ಆಯಿತು, ದಾಸರಹಳ್ಳಿಯ ಮನೆಗೆ ಮಹಡಿಯೂ ಬಂದಿತು. ಕಾಶಿ ಮಾತ್ರ ಮುಂದಕ್ಕೆ ಹೋಗುತ್ತಲೇ ಇತ್ತು. ಕಾರ್ತಿಕದಲ್ಲಿ ಭಾವನವರು ತೀರಿಕೊಂಡರು. ಅಸ್ಥಿಯ ಒಂದು ಪಾಲನ್ನು ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲಿ ಬಿಟ್ಟದ್ದಾಯಿತು. ಇನ್ನೊಂದು ಪಾಲನ್ನು ಅಕ್ಕ ಪುಟ್ಟ ಮಣ್ಣಿನ ಕುಡಿಕೆಯಲ್ಲಿರಿಸಿ, ಬಿಳಿಯ ಬಟ್ಟೆಯಿಂದ ಬಾಯಿ ಬಿಗಿದು, ಮನೆಯೊಳಗೆ ತರಬಾರದೆಂದು ಅಂಗಳದ ಬೇವಿನ ಕೊಂಬೆಗೆ ತೂಗುಹಾಕಿಸಿದ್ದಳು.

ರೈಲಿನಲ್ಲಿ ಎರಡು ರಾತ್ರಿ ಕಳೆಯುವುದು ಅವಳ ಬೆನ್ನಿಗೆ ಆಗದ ಮಾತು. ನನ್ನ ಮಗ ವಿಮಾನದ ಟಿಕೆಟ್ಟುಗಳನ್ನು ಕೊಂಡ. ಕೊಳ್ಳುತ್ತಿದ್ದಂತೆಯೇ ಆ ಸಾಲು ಬಂದಿತು: ತಲೆಗೆ ನಾನೂರು ರೂಪಾಯಿ ಹೆಚ್ಚಿಗೆ ಕೊಟ್ಟರೆ ಮೊದಲು ಹತ್ತಬಹುದು. ನಾನು ನನ್ನ ಹಳೆಯ ವಾದವನ್ನು ತೆಗೆಯುವುದರಲ್ಲಿದ್ದೆ, ಅಷ್ಟರಲ್ಲಿ ಅಕ್ಕ ಕೇಳಿದಳು: "ಅವರನ್ನು ಎಲ್ಲಿ ಇಡುತ್ತಾರೋ?"

ಎಲ್ಲಿ ಇಡುವುದು! ಕೆಳಗಿನ ಸಾಮಾನಿನ ಗರ್ಭಕ್ಕೆ ಹಾಕಿದರೆ ಮಣ್ಣಿನ ಕುಡಿಕೆ ಉಳಿದೀತೆಂಬ ಭರವಸೆಯಿಲ್ಲ. ವಿಮಾನ ಏಳುವಾಗಲೂ ಇಳಿಯುವಾಗಲೂ ಚೀಲವನ್ನು ಮಡಿಲಲ್ಲಿಟ್ಟುಕೊಳ್ಳಲು ಬಿಡುವುದಿಲ್ಲ. ಮುಂದಿನ ಸೀಟಿನಡಿ, ಎಂದರೆ ಕಾಲಿನ ಬಳಿ, ಇಡಿಸುತ್ತಾರೆ. ಐವತ್ತೆರಡು ವರ್ಷ ಬಾಳಿದ ಗಂಡನನ್ನು ಕಾಲ ಬಳಿ ಇಡುವ ಮಾತನ್ನು ಅಕ್ಕನ ಎದುರಿಗೆ ಎತ್ತುವವರಾರು? ಉಳಿದದ್ದು ತಲೆಯ ಮೇಲಿನ ಗೂಡು. ಆ ಗೂಡಿನ ಸ್ಥಿತಿಯೋ, ನೂರೆಂಬತ್ತು ಜನರ ವಿಮಾನದಲ್ಲಿ ಎಲ್ಲರೂ ಏಳು ಕಿಲೋ ತೂಕದ ಗಾಲಿಪೆಟ್ಟಿಗೆಗಳನ್ನು ಎಳೆದು ತಂದರೆ, ಕೊನೆಯ ಮೂವತ್ತು ನಲವತ್ತು ಮಂದಿಗೆ ಜಾಗವೇ ಇರುವುದಿಲ್ಲ. ಅವರ ಚೀಲಗಳನ್ನು ಬಾಗಿಲ ಬಳಿಯೇ ಇಸಿದುಕೊಂಡು ಕೆಳಕ್ಕೆ ಕಳುಹಿಸುವುದೂ ಉಂಟು.

ಆಗ ನನಗೆ ಹೊಳೆಯಿತು: ಈ ಹಣಕ್ಕೆ ಅವರು ಮಾರುವುದು ಕಾಲವನ್ನಲ್ಲ, ಎರಡು ಅಡಿ ಸ್ಥಳವನ್ನು. ಬಸ್ಸಿನ ಸೀಟು ಹೋಯಿತು, ಗೂಡು ಬಂದಿತು. "ಮೂವರಿಗೂ ಕಟ್ಟಿಬಿಡು" ಎಂದೆ. ಮಗ ನನ್ನ ಮುಖವನ್ನೇ ಒಮ್ಮೆ ನೋಡಿದ.

ಎಲೆಕ್ಟ್ರಾನಿಕ್ ಸಿಟಿಯ ನಮ್ಮ ಮನೆಯಿಂದ ನಾನೂ ನನ್ನಾಕೆಯೂ ಬೆಳಗಿನ ಜಾವ ನಾಲ್ಕು ಗಂಟೆಗೆ ಹೊರಟೆವು. ದಾಸರಹಳ್ಳಿಯಲ್ಲಿ ಅಕ್ಕನನ್ನು ಕೂಡಿಸಿಕೊಂಡು ದೇವನಹಳ್ಳಿಗೆ ಹೋಗುವ ಏರ್ಪಾಡು. ಚಾಲಕ ಕೇಳದೆಯೇ ಮೇಲ್ಸೇತುವೆಯನ್ನೇರಿದ. 2010ರ ಜನವರಿಯಲ್ಲಿ ತೆರೆದ, ಸುಮಾರು ಹತ್ತು ಕಿಲೋಮೀಟರಿನ ಈ ಸುಂಕದ ದಾರಿಯೂ ಮೊದಲು ಹತ್ತುವ ಹಣದ ಸೋದರನೇ ಸರಿ: ಕೊಟ್ಟವನು ಮೇಲೆ, ಕೊಡದವನು ಬೊಮ್ಮನಹಳ್ಳಿಯ ಕೆಳಗೆ. ಸಂಜೆಯ ಹೊತ್ತಿನಲ್ಲಾದರೆ ಅದು ನಿಜವಾಗಿಯೂ ಕಾಲವನ್ನು ಕೊಡುತ್ತದೆ. ಸಿಲ್ಕ್ ಬೋರ್ಡಿನ ಬಳಿ ಮೇಲಿನವರೂ ಕೆಳಗಿನವರೂ ಮತ್ತೆ ಒಂದೇ ಕೆರೆಗೆ ಬಂದು ಬೀಳುತ್ತಾರೆಂಬುದು ಬೇರೆಯ ವಿಷಯ. ಆದರೆ ಬೆಳಗಿನ ನಾಲ್ಕು ಗಂಟೆಗೆ? ಇಣುಕಿ ನೋಡಿದೆ. ಕೆಳಗಿನ ರಸ್ತೆಯಲ್ಲಿ ಎರಡು ಹಾಲಿನ ವ್ಯಾನುಗಳೂ ಒಂದು ನಾಯಿಯೂ ಇದ್ದವು. ಸುಂಕ ಮಾತ್ರ ಸಂಜೆಯಷ್ಟೇ.

ದಾಸರಹಳ್ಳಿಯಲ್ಲಿ ಅಕ್ಕ ಸ್ನಾನ ಮುಗಿಸಿ, ಕುಡಿಕೆಯನ್ನು ಹೊಸ ಬಟ್ಟೆಯ ಚೀಲದಲ್ಲಿಟ್ಟುಕೊಂಡು ಬೇವಿನ ಮರದಡಿ ನಿಂತಿದ್ದಳು. ಕಾರಿನಲ್ಲಿ ಒಂದು ಮಾತೂ ಆಡಲಿಲ್ಲ.

ನಿಲ್ದಾಣದ ತಪಾಸಣೆಯಲ್ಲಿ ಸಮವಸ್ತ್ರದ ತರುಣಿಯೊಬ್ಬಳು ಚೀಲವನ್ನು ಪಕ್ಕಕ್ಕೆ ಸರಿಸಿ, "ಇದರಲ್ಲಿ ಏನಿದೆ?" ಎಂದು ಹಿಂದಿಯಲ್ಲಿ ಕೇಳಿದಳು. ನಾನು ಮರಣಪತ್ರವನ್ನೂ ಚಿತಾಗಾರದ ರಸೀತಿಯನ್ನೂ ತೆಗೆಯುತ್ತಿದ್ದೆ. ಅಕ್ಕ ಕನ್ನಡದಲ್ಲಿಯೇ, "ನಮ್ಮ ಮನೆಯವರು ಕಣಮ್ಮ" ಎಂದಳು. ಭಾಷೆ ತಿಳಿಯಿತೋ, ಪತ್ರಗಳನ್ನು ಕಂಡು ತಿಳಿಯಿತೋ, ಆ ಹೆಣ್ಣುಮಗಳು ಚೀಲವನ್ನು ಎರಡು ಕೈಗಳಲ್ಲೂ ಎತ್ತಿ ಕೊಟ್ಟಳು.

ಕರೆ ಬಂದಿತು. ನಾನೂರು ರೂಪಾಯಿನವರು ಮೊದಲು. ಹತ್ತು ಹನ್ನೆರಡು ಮಂದಿ ಗಂಭೀರವಾಗಿ ಮುಂದೆ ಹೋದೆವು. ಉಳಿದವರು ನಮ್ಮನ್ನು ನೋಡುತ್ತಿದ್ದುದು ನನಗೆ ಹಿತವಾಗಿಯೇ ಇದ್ದಿತೆಂದು ಒಪ್ಪಿಕೊಳ್ಳುತ್ತೇನೆ. ಬಾಗಿಲು ದಾಟಿದರೆ ವಿಮಾನವಿಲ್ಲ, ಬಸ್ಸು ನಿಂತಿದೆ! ವಿಮಾನ ದೂರದಲ್ಲೆಲ್ಲೋ ಬಯಲಿನಲ್ಲಿತ್ತು. ಮೊದಲು ಹತ್ತಿದವರು ಸಹಜವಾಗಿಯೇ ಬಸ್ಸಿನ ಆಚೆಯ ಮೂಲೆಗೆ ಸರಿದೆವು. ನಮ್ಮ ಹಿಂದೆ ನಾನೂರು ಕೊಡದ ಐವತ್ತು ಜನ ತುಂಬಿದರು. ವಿಮಾನದ ಬಳಿ ಬಸ್ಸಿನ ಬಾಗಿಲು ತೆರೆದಾಗ, ಕೊನೆಗೆ ಹತ್ತಿದವನು ಮೊದಲು ಇಳಿದ. ಮೊದಲು ಹತ್ತಿದ ನಾವು ಕೊನೆಗೆ ಇಳಿದೆವು. ಇದು ಯಾರೊಬ್ಬರ ದುರುದ್ದೇಶವೂ ಅಲ್ಲ. ಬಸ್ಸಿಗೆ ನಾನೂರು ರೂಪಾಯಿಯ ವಿಷಯ ಗೊತ್ತಿಲ್ಲ, ಅಷ್ಟೆ.

ಮೆಟ್ಟಿಲುಗಳ ಮೇಲೆ ಸಾಲು ಅಲುಗಾಡದೆ ನಿಂತಿತ್ತು. ಒಳಗೆ ಒಬ್ಬನೇ ನಡೆಯಬಹುದಾದ ಓಣಿ. ಒಬ್ಬಾತ ಪೆಟ್ಟಿಗೆಯನ್ನೆತ್ತಿ ಗೂಡಿಗೆ ತುರುಕುವವರೆಗೆ ಹಿಂದಿನವರೆಲ್ಲ ಕಂಬಗಳಂತೆ ನಿಲ್ಲಬೇಕು. ಜೇಸನ್ ಸ್ಟೆಫೆನ್ ಎಂಬ ಅಮೆರಿಕದ ಖಭೌತ ವಿಜ್ಞಾನಿ 2008ರಲ್ಲಿ ಇದನ್ನು ಲೆಕ್ಕ ಹಾಕಿದ್ದಾರೆ. ನಕ್ಷತ್ರಗಳ ಶಾಸ್ತ್ರವನ್ನು ಬಲ್ಲವರಿಗೂ ಈ ಓಣಿಯಲ್ಲಿ ನಿಂತು ಸಾಕಾಗಿರಬೇಕು. ಹಿಂದಿನ ಸಾಲುಗಳಿಂದ ಗುಂಪುಗುಂಪಾಗಿ ಹತ್ತಿಸಿದರೆ ಕೆಲಸ ಬೇಗನೆ ಆಗುವುದೆಂದು ತೋರುತ್ತದೆಯಲ್ಲವೇ? ಆಗುವುದಿಲ್ಲ, ಎಲ್ಲರೂ ಒಂದೇ ಕಡೆ ಪೆಟ್ಟಿಗೆಯೆತ್ತಲು ನಿಲ್ಲುತ್ತಾರೆ. ಕಿಟಕಿಯ ಬಳಿಯವರನ್ನು ಮೊದಲು, ಒಂದು ಸಾಲು ಬಿಟ್ಟು ಒಂದು ಸಾಲಿನಂತೆ ಹಿಂದಿನಿಂದ ಕಳುಹಿಸಿದರೆ ಅನೇಕರು ಏಕಕಾಲದಲ್ಲಿ ಪೆಟ್ಟಿಗೆಗಳನ್ನು ಇಟ್ಟು ಕೂಡಬಹುದು. 2011ರಲ್ಲಿ 72 ಮಂದಿಯನ್ನು ವಿಮಾನದಂತಹದೇ ಒಂದು ಕೋಣೆಗೆ ಹತ್ತಿಸಿ ಪರೀಕ್ಷಿಸಿದ್ದೂ ಆಯಿತು. ಅವರ ಕ್ರಮವೇ ಗೆದ್ದಿತು. ಆದರೆ ಗಂಡನನ್ನು ಒಂದು ಸರದಿಗೂ ಹೆಂಡತಿಯನ್ನು ಇನ್ನೊಂದು ಸರದಿಗೂ ಹಾಕುವ ಈ ಕ್ರಮ ಸಂಸಾರವಂದಿಗರಿಗೆ ಒಗ್ಗುವುದು ಹೇಗೆ?

ಕೊನೆಗೂ ನಮ್ಮ ಸಾಲನ್ನು ತಲುಪಿದೆವು. ತಲೆಯ ಮೇಲಿನ ಗೂಡು ಕಿಕ್ಕಿರಿದಿತ್ತು. ಎದುರಿನದೂ ಹಾಗೆಯೇ. ಗಗನಸಖಿ ಬಂದು, "ಅಮ್ಮಾ, ಚೀಲವನ್ನು ಕಾಲ ಬಳಿ ಇಡಿ" ಎಂದಳು. ಅಕ್ಕ ಉತ್ತರ ಕೊಡಲಿಲ್ಲ. ಚೀಲವನ್ನು ಎದೆಗೊತ್ತಿಕೊಂಡು ಓಣಿಯ ನಡುವೆ ನಿಂತೇ ಇದ್ದಳು. ಹಿಂದಿನವರು ಗೊಣಗತೊಡಗಿದರು. ನನ್ನಾಕೆ ಗಗನಸಖಿಯ ಕಿವಿಯಲ್ಲಿ ಏನನ್ನೋ ಹೇಳಿದಳು. ಹುಡುಗಿಯ ಮುಖ ಬದಲಾಯಿತು. ಗೂಡುಗಳನ್ನು ಒಂದೊಂದಾಗಿ ತೆರೆದು ನೋಡುತ್ತ, ಏಳು ಸಾಲು ಹಿಂದೆ, ಹೊದಿಕೆಗಳ ಪಕ್ಕದಲ್ಲಿ ಒಂದು ಎಡೆಯನ್ನು ಮಾಡಿ, ಕುಡಿಕೆಯನ್ನು ಅಲುಗದಂತೆ ಇಟ್ಟಳು.

ಎರಡೂವರೆ ಗಂಟೆಯ ಪ್ರಯಾಣದಲ್ಲಿ ಅಕ್ಕ ಕಿಟಕಿಯ ಕಡೆಗೆ ಒಮ್ಮೆಯೂ ನೋಡಲಿಲ್ಲ. ಕುತ್ತಿಗೆಯನ್ನು ಹಿಂದಕ್ಕೆ ತಿರುಗಿಸಿಕೊಂಡು ಆ ಗೂಡಿನ ಮುಚ್ಚಳವನ್ನೇ ನೋಡುತ್ತ ಕುಳಿತಿದ್ದಳು. ಸಾವಿರದಿನ್ನೂರು ರೂಪಾಯಿಗೆ ನಾನು ಕೊಂಡದ್ದೆಂದುಕೊಂಡಿದ್ದ ಸ್ಥಳ ಅವಳ ತಲೆಯ ಮೇಲೆ ಇದ್ದಿತು. ದೊರೆತದ್ದು ಏಳು ಸಾಲು ಹಿಂದೆ, ಅದೂ ಹಣಕ್ಕಲ್ಲ. ಅಕ್ಕನಿಗೆ ಗಾಲಿಕುರ್ಚಿಯನ್ನು ಹೇಳಿದ್ದಿದ್ದರೆ ಬಹುಶಃ ಯಾರ ಹಂಗೂ ಇಲ್ಲದೆ ಮೊದಲು ಹತ್ತಿಸುತ್ತಿದ್ದರು. ನಡೆಯಲು ಕಷ್ಟಪಡುವ ವೃದ್ಧರಿಗೂ ಕೈಗೂಸಿನವರಿಗೂ ಅನೇಕ ಸಂಸ್ಥೆಗಳಲ್ಲಿ ಈ ಸೌಕರ್ಯವುಂಟು. ಮಗ ಹೇಳಿಯೂ ಇದ್ದ. "ನನ್ನ ಕಾಲಿಗೇನಾಗಿದೆ?" ಎಂದು ಅಕ್ಕ ಅವನ ಬಾಯಿ ಮುಚ್ಚಿಸಿದ್ದಳು.

ಕಾಶಿಯಲ್ಲಿ ಬೆಳಗಿನ ಮಂಜಿನೊಳಗೆ ದೋಣಿ ನಡುನೀರಿಗೆ ಹೋಯಿತು. ಅಕ್ಕ ತನ್ನ ಕೈಯಾರೆ ಬಿಟ್ಟಳು. ಅದರ ಬಗೆಗೆ ಇಲ್ಲಿ ಹೆಚ್ಚು ಬರೆಯಲಾರೆ.

ಈಗ ವೈಟ್‌ಫೀಲ್ಡಿನ ಮಹನೀಯರ ಹಡಗಿಗೆ ಬರೋಣ. ಹಿಂದೆ ಮಂಗಳೂರಿನಿಂದಲೂ ಕಾರವಾರದಿಂದಲೂ ಮುಂಬಯಿಗೆ ಉಗಿಹಡಗುಗಳಿದ್ದ ಕಾಲದಲ್ಲಿ, ಡೆಕ್ಕಿನ ಮೇಲೆ ಚಾಪೆ ಹಾಸುವವರಿಗೆ ಮೊದಲು ಹತ್ತುವುದು ರಾತ್ರಿಯ ನಿದ್ರೆಯ ಪ್ರಶ್ನೆಯಾಗಿತ್ತು. ತಮ್ಮದು ಹಾಗಲ್ಲ. ಕೋಣೆಗೆ ಸಂಖ್ಯೆಯಿದೆ, ದೊಡ್ಡ ಪೆಟ್ಟಿಗೆಗಳನ್ನು ಸಾಮಾನ್ಯವಾಗಿ ಬಂದರಿನಲ್ಲಿಯೇ ಇಸಿದುಕೊಂಡು ಕೋಣೆಗೆ ತಲುಪಿಸುತ್ತಾರೆ, ಗೂಡಿನ ಜಗಳವಿಲ್ಲ. ಹತ್ತಿಸುವ ಕೆಲಸ ಗಂಟೆಗಟ್ಟಲೆ ನಡೆಯುತ್ತದೆ. ಬೇಗನೆ ಹತ್ತಿದರೂ ಅನೇಕ ವೇಳೆ ಕೋಣೆ ಸಿದ್ಧವಾಗುವುದು ಮಧ್ಯಾಹ್ನದ ಮೇಲೆಯೇ. ಆದುದರಿಂದ ಆ ಹಣಕ್ಕೆ ಸಿಗುವುದು ಬಂದರಿನ ಕಾಯುವ ಕೊಠಡಿಯ ಬದಲು ಹಡಗಿನ ಊಟದ ಕೊಠಡಿ. ಮಾವನವರ ಮಂಡಿ ಗಟ್ಟಿಯಾಗಿದ್ದರೆ ನಾನಾದರೆ ಕೊಡೆನು. ಮಂಡಿ ನೋವಿದ್ದರೆ, ಹಣ ಕಟ್ಟುವ ಮೊದಲು ವೃದ್ಧರಿಗೆ ಬೇರೆಯ ಸಾಲುಂಟೋ ಎಂದು ಕೇಳಿ ನೋಡಿ. ಇನ್ನೊಂದು ಮಾತನ್ನೂ ಕೇಳಿ: ಲಕ್ಷದ್ವೀಪದಲ್ಲಿ ದೊಡ್ಡ ಹಡಗು ದ್ವೀಪದ ದಡಕ್ಕೆ ಹೋಗದೆ ಸಮುದ್ರದಲ್ಲಿಯೇ ನಿಂತು, ಜನರನ್ನು ಸಣ್ಣ ದೋಣಿಗಳಲ್ಲಿ ದ್ವೀಪಕ್ಕೆ ಕಳುಹಿಸುತ್ತದೆ. ತಾವು ಕೊಡುವ ಹಣ ಆ ದೋಣಿಯ ಸಾಲಿಗೂ ಸಲ್ಲುತ್ತದೆಯೇ? ಸಲ್ಲುವುದಾದರೆ, ದ್ವೀಪದಲ್ಲಿ ಕಳೆಯುವ ಹೊತ್ತು ಒಂದಿಷ್ಟು ಹೆಚ್ಚುತ್ತದೆ, ಅದಕ್ಕೆ ಬೆಲೆಯುಂಟು. ಸಲ್ಲದಿದ್ದರೆ, ನನ್ನ ಬಸ್ಸನ್ನು ನೆನೆದುಕೊಳ್ಳಿ.

ನಾವು ಕಾಶಿಯಿಂದ ಹಿಂದಿರುಗುವ ದಿನ ಮಗ ದೂರವಾಣಿಯಲ್ಲಿ, "ಅಪ್ಪಾ, ಬರುವಾಗಲೂ ಮೊದಲು ಹತ್ತುವ ಹಣ ಕಟ್ಟಲೇ?" ಎಂದು ಕೇಳಿದ. ಪಕ್ಕದಲ್ಲಿದ್ದ ಅಕ್ಕನಿಗೆ ಕೇಳಿಸಿತು.

"ಬೇಡ ಕಣೋ. ಈಗ ಮೇಲೆ ಇಡೋದಕ್ಕೆ ಏನಿದೆ?" ಎಂದಳು.

ಬಾಬತ್ಪುರದ ನಿಲ್ದಾಣದಲ್ಲಿಯೂ ಬಸ್ಸೇ ಬಂದಿತು. ಎಲ್ಲರೂ ಹೋಗಲೆಂದು ಕಾದು, ಕೊನೆಯವರಾಗಿ ಹತ್ತಿ, ಬಾಗಿಲಿಗೆ ಒರಗಿ ನಿಂತೆವು. ಬಾಗಿಲು ತೆರೆದಾಗ ವಿಮಾನದ ಮೆಟ್ಟಿಲನ್ನೇರಿದವರಲ್ಲಿ ಅಕ್ಕನೇ ಮೊದಲಿಗಳು. ನಮ್ಮ ಸಾಲಿನ ಮೇಲಿನ ಗೂಡು ಪೂರ್ತಿ ಖಾಲಿಯಾಗಿತ್ತು. ಅಕ್ಕ ಒಮ್ಮೆ ತಲೆಯೆತ್ತಿ ಅದನ್ನು ನೋಡಿದಳು. ಆಮೇಲೆ ಕುಳಿತು, ಸೊಂಟದ ಪಟ್ಟಿಯನ್ನು ಬಿಗಿಯಲು ಬಾರದೆ ನನ್ನ ಕಡೆಗೆ ಚಾಚಿದಳು.