ಕೋವಿಯ ಹಿಡಿಗೆ ಮರ: ಚೆಂದ ಮೊದಲೋ, ಎಳೆ ಮೊದಲೋ?

ಮಳೆಗಾಲದಲ್ಲಿ ಮೂಲೆ ಸೇರಿದ್ದ ಕೋವಿಯನ್ನು ಹೊರತೆಗೆದಾಗ ಹಿಡಿಯಲ್ಲಿ ಕೂದಲೆಳೆಯಷ್ಟು ಬಿರುಕು ಕಂಡು ಪೇಚಾಡುವ ಬೆಳೆಗಾರರು ನಮ್ಮಲ್ಲಿ ಕಡಿಮೆಯಿಲ್ಲ. ಕೊಡಗಿನವರಿಗೆ ಕೈಲ್‌ಪೊಳ್ದಿನ ಪೂಜೆಗೆ ಒರೆಸಿಡುವಾಗ ಅದು ಕಣ್ಣಿಗೆ ಬೀಳುತ್ತದೆ; ಅಡಿಕೆ ತೋಟದವರಿಗೆ ಹಂದಿ ಕಾಯಲು ಹೊರಟಾಗ. ಹೊಸ ಹಿಡಿ ಮಾಡಿಸೋಣವೆಂದರೆ ಎಲ್ಲರ ಬಾಯಲ್ಲೂ ಮೊದಲು ಬರುವ ಹೆಸರು ಬೀಟೆ.

ಈ ಬೀಟೆಯ ಮೋಹವನ್ನು ನಾವು ಒಪ್ಪುವುದಿಲ್ಲ. ನೋಡಲು ಚೆಂದ, ನಿಜ. ಆದರೆ ಒಣಗಿದ ಬೀಟೆ ಘನ ಮೀಟರಿಗೆ ಸುಮಾರು 850 ಕಿಲೋ ತೂಗುತ್ತದೆ. ರೈಫಲ್ಲಿಗೆ ಹೆಸರಾದ ಆಕ್ರೋಟು 640ರ ಆಸುಪಾಸು. ಇರುಳೆಲ್ಲ ಹೊತ್ತು ತಿರುಗುವವನ ಹೆಗಲನ್ನು ಕೇಳಿ ನೋಡಿ! ಮೇಲಾಗಿ ಕಡಿಯಲು, ಸಾಗಿಸಲು ಅರಣ್ಯ ಇಲಾಖೆಯ ಅಪ್ಪಣೆ ಬೇಕು. ಎರಡನೆಯ ಮಹಾಯುದ್ಧದ ಕಾಲದಲ್ಲಿ .303 ರೈಫಲ್ಲುಗಳಿಗೆ ಬೀಚ್, ಬರ್ಚ್‌ನಂಥ ಸಾದಾ ಮರಗಳನ್ನೂ ಹಾಕಿದ್ದುಂಟು. ಅವೂ ಕೆಲಸ ಮಾಡಿದವು.

ಹಿಡಿ ಮುರಿಯುವುದು ಹೆಚ್ಚಾಗಿ ಕುತ್ತಿಗೆಯಲ್ಲಿ, ಕುದುರೆಯ ಹಿಂದೆ ಅಂಗೈ ಸುತ್ತುವ ಸಣ್ಣ ಭಾಗದಲ್ಲಿ. ಅಲ್ಲಿ ಮರದ ಎಳೆ ಉದ್ದಕ್ಕೂ ಓಡಬೇಕು. ಹಿಡಿ ಕೆಳಕ್ಕೆ ಬಾಗುತ್ತದಾದ್ದರಿಂದ ಎಳೆಯೂ ಅಲ್ಲಿ ಕೊಂಚ ಇಳಿಜಾರಾಗಿದ್ದರೆ ಬಹಳ ಒಳ್ಳೆಯದು. ಅಡ್ಡಕ್ಕೆ ಹಾಯ್ದು ಹೊರಬಿದ್ದರೆ ಎಂಥ ಜಾತಿಯ ಮರವೂ ಒಂದು ದಿನ ಸೀಳುತ್ತದೆ. ಹಳೆಯ ಹಿಡಿಯ ಅಳತೆಗೆ ರಟ್ಟು ಕತ್ತರಿಸಿ ಹಲಗೆಯ ಮೇಲೆ ಸರಿಸಿ ತಿರುಗಿಸಿ ನೋಡಿ. ಎರಡೂ ಬದಿ ನೋಡಿ. ಗಂಟು, ಕವಲಿನ ಸುಳಿ ಕುತ್ತಿಗೆಗೆ ಬರಲೇಕೂಡದು. ಚಿತ್ತಾರ ಬೇಕೇಬೇಕೆಂದರೆ ಹೆಗಲ ಕಡೆಯ ಅಗಲ ಭಾಗದಲ್ಲಿರಲಿ.

ಇನ್ನು ಕೊಯ್ತ. ಹಲಗೆಯ ತುದಿಯಲ್ಲಿ ವರ್ಷದ ಉಂಗುರಗಳು ಅಗಲದ ಮುಖಕ್ಕೆ ನೆಟ್ಟಗೆ ನಿಂತಂತೆ ಕೊಯ್ದರೆ ಮರ ಡೊಂಕಾಗುವುದು ಕಡಿಮೆ. ಉಂಗುರದ ಗುಂಟ ಮರ ಕುಗ್ಗುವುದು, ತಿರುಳಿನಿಂದ ಹೊರಮುಖವಾಗಿ ಕುಗ್ಗುವುದರ ಸುಮಾರು ಎರಡರಷ್ಟು. ಸಾಮಿಲ್ಲಿನವರು ಮಟ್ಟಸವಾಗಿ ಸೀಳಿದ ಹಲಗೆಯಲ್ಲಿ ಚಿತ್ತಾರ ಚೆನ್ನಾಗಿ ಅರಳುತ್ತದೆ. ಎಳೆಯ ಓಟ ಸರಿಯಿದ್ದರೆ ಅದೂ ನಡೆದೀತು. ಆದರೆ ಬೇಸಿಗೆಯಲ್ಲಿ ಬಿರಿದು ಆಷಾಢದಲ್ಲಿ ಊದುವ ನಮ್ಮ ಹವೆಗೆ ಮೊದಲನೆಯದೇ ಲೇಸೆಂದು ನಮ್ಮ ಅಭಿಪ್ರಾಯ. ರೈಫಲ್ಲಿನಲ್ಲಂತೂ ಮರ ತಿರುಚಿ ನಳಿಗೆಯನ್ನು ಒತ್ತಿದರೆ ಗುರಿಯೇ ಬದಲಾಗುತ್ತದೆ.

ಆಕ್ರೋಟು ಸಿಗದವರಿಗೆ ನಾವು ಹೇಳುವುದು ತೇಗ. ಅದರಲ್ಲೂ ಕೆಡವಿದ ಹಳೆಮನೆಯ ತೊಲೆ, ಒಂದು ತಲೆಮಾರು ಒಣಗಿದ್ದು. ಮೊಳೆಯ ತೂತು, ಹುಳು ಬಿದ್ದ ಬೆಳ್ಳು ಬಿಟ್ಟು ಚೇಗನ್ನು ಆರಿಸಿ. ಹಸಿ ಮರವಾದರೆ ಇಂಚು ದಪ್ಪಕ್ಕೆ ವರ್ಷವೊಂದು ಎಂಬುದು ರೂಢಿಯ ಲೆಕ್ಕ; ಎರಡೂವರೆ ಇಂಚಿನ ಹಲಗೆ ಎರಡೂವರೆ ವರ್ಷ ನೆರಳಲ್ಲಿ ಕಾಯಲೇಬೇಕು. ಕೊಯ್ದ ದಿನವೇ ಎರಡೂ ತುದಿಗೆ ಮೇಣ ಬಳಿದುಬಿಡಿ. ತಿಂಗಳಿಗೊಮ್ಮೆ ತೂಗಿ ಹಲಗೆಯ ಮೇಲೆಯೇ ಪೆನ್ಸಿಲಿನಲ್ಲಿ ಬರೆಯಿರಿ. ತೂಕ ಇಳಿಯುವುದು ನಿಂತ ಮೇಲೆ ಕೆತ್ತಿಸಿ, ಜಡಿಮಳೆಯಲ್ಲಿ ಬೇಡ.

ಊರ ಬಡಗಿ ಎಷ್ಟೇ ನಿಪುಣನಿರಲಿ, ಕೋವಿಯನ್ನು ಅವನ ಕೈಗೆ ಕೊಡಬೇಡಿ. 1959ರ ಶಸ್ತ್ರಾಸ್ತ್ರ ಕಾಯಿದೆಯಂತೆ ಕೋವಿ ರಿಪೇರಿಗೂ ಲೈಸೆನ್ಸು ಬೇಕು. ಲೈಸೆನ್ಸುಳ್ಳ ಕೋವಿ ಅಂಗಡಿಗೆ ಹಲಗೆಯನ್ನು ನೀವೇ ಒಯ್ಯಿರಿ. ವಾಪಸು ತರುವಾಗ ಹೆಗಲಿಗೆ ಒತ್ತುವ ತಗಡನ್ನು ಅವರ ಎದುರಿಗೇ ಬಿಚ್ಚಿಸಿ, ಅದರಡಿಯ ಮರಕ್ಕೂ ಅಗಸೆ ಎಣ್ಣೆ ಕುಡಿಸಿದ್ದಾರೆಯೇ ನೋಡಿ. ನೀರು ಒಳಸೇರುವುದು ಆ ತುದಿಯಿಂದಲೇ.